ಚಳಿ ತಂಗಿದ ಕಾರು

ಆ ಸೋಮವಾರ ಚಳಿ ಕಂಬಾರರ ಬೀದಿಯಲ್ಲಿತ್ತು. ನಮ್ಮೂರಿನಲ್ಲಿ ಹನ್ನೊಂದು ಬೀದಿ. ಚಳಿ ದಿನಕ್ಕೊಂದು ಬೀದಿಯಂತೆ ಸರದಿ ಹಿಡಿದು ಬರುತ್ತದೆ. ಸೂರ್ಯ ಹುಟ್ಟುವಾಗ ಬಂದು, ಮಾರನೆಯ ದಿನ ಸೂರ್ಯ ಹುಟ್ಟುವಾಗ ಪಕ್ಕದ ಬೀದಿಗೆ ಎದ್ದು ಹೋಗುತ್ತದೆ. ಉಳಿದ ಹತ್ತು ಬೀದಿಯವರು ಎಳೆಬಿಸಿಲಿನಲ್ಲಿ ಮೆಣಸಿನಕಾಯಿ ಹರಡಿಕೊಂಡು ಕೂತಿರುತ್ತಾರೆ. ಸರದಿಯ ಬೀದಿಯಲ್ಲಿ ಮಾತ್ರ ತೊಟ್ಟಿಯ ನೀರು ಗಾಜಾಗಿರುತ್ತದೆ, ನಾಯಿಗಳು ಬೂದಿಗುಡ್ಡೆ ಹುಡುಕುತ್ತಿರುತ್ತವೆ. ದೋಸೆ ಹಿಟ್ಟು ಹುಳಿ ಬರಬೇಕಾದರೆ ಹಿಂದಿನ ಸಂಜೆಯೇ ಪಾತ್ರೆ ಹೊತ್ತು ಬೇರೆ ಬೀದಿಯ ನೆಂಟರ ಮನೆಯಲ್ಲಿಟ್ಟು ಬರಬೇಕು. ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ಕೇಳುವುದು ಬೀದಿಯ ಸರದಿಯನ್ನೇ. ಅತ್ತೆಮನೆಯಲ್ಲಿ ಇವತ್ತು, ತವರಿನಲ್ಲಿ ನಾಳೆ ಎಂದು ಚಳಿ ಬಂದರೆ ಆ ಮಗಳು ಓಡುವುದೆಲ್ಲಿಗೆ?

ಚಳಿ ಬರುವ ಹೊತ್ತಿಗೆ ಮನೆಯವರೆಲ್ಲ ಮನೆಯಲ್ಲೇ ಇರಬೇಕು. ಬಾಗಿಲು ತೆರೆದು, ದೀಪ ಹಚ್ಚಿ, ಅದನ್ನು ಬರಮಾಡಿಕೊಂಡ ಮೇಲೆ ಕೈಲಾಗದವರು ಹೊರಡಬಹುದು. ಮುದುಕರು, ಬಾಣಂತಿಯರು, ಉಬ್ಬಸದವರು ಹೀಗೆ. ಅವರನ್ನು ಮನೆಮನೆಯಿಂದ ಹತ್ತಿಸಿಕೊಂಡು ಪೇಟೆ ಚೌಕದ ಛತ್ರಕ್ಕೆ ಸೇರಿಸುವುದು ನನ್ನ ಕೆಲಸ. ಚೌಕ ಯಾವ ಬೀದಿಗೂ ಸೇರದ ಕಾರಣ ಅಲ್ಲಿಗೆ ಚಳಿ ಬರುವುದಿಲ್ಲ. ಕಾರು ಬರುವ ಮುಂಚೆ ಇವರನ್ನೆಲ್ಲ ಮಂಚದ ಮೇಲೆ ಕಂಬಳಿ ಹೊದಿಸಿ ಹೊತ್ತುಕೊಂಡು ಬರುತ್ತಿದ್ದರು. ಹೊರಟವರೆಲ್ಲ ಛತ್ರ ಮುಟ್ಟುತ್ತಿದ್ದರು ಎಂದು ಹೇಳಲಾರೆ.

ಕಾರು ಬೆಟ್ಟದ ಸೀಮೆಯಿಂದ ಬಂದ ಡಾಕ್ಟರಮ್ಮನದು. ಒಂಬತ್ತು ವರ್ಷ ಅವರಿಗೆ ನಾನೇ ಡ್ರೈವರು. ಅವರು ಊರು ಬಿಡುವಾಗ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಅಂಬುಜಾಕ್ಷಿ, ಇದು ಇಲ್ಲೇ ಇರಲಿ, ಇಲ್ಲೇ ಇದಕ್ಕೆ ಕೆಲಸ" ಅಂದರು. ಬೆಟ್ಟದ ಕಾರಾದ್ದರಿಂದ ಅದಕ್ಕೆ ಹೀಟರ್ ಇತ್ತು. ಊರಿಗೆಲ್ಲ ಹೀಟರ್ ಇದ್ದ ಗಾಡಿ ಅದೊಂದೇ.

ಕಂಬಾರರ ಬೀದಿಯಲ್ಲಿ ಮೊದಲು ಹತ್ತಿದವರು ತಿಪ್ಪಣ್ಣಜ್ಜ. ಎಂಬತ್ತು ದಾಟಿದ ಜೀವ, ಎದೆಯಲ್ಲಿ ಸದಾ ಸಿಳ್ಳೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹೀಟರ್ ತಿರುಗಿಸಿದೆ. ಫ್ಯಾನ್ ಎಂದಿನಂತೆ ಗುಂಯ್‌ಗುಟ್ಟಿತು. ಬಂದದ್ದು ಮಾತ್ರ ತಣ್ಣನೆ ಗಾಳಿ. ಬಾವಿಯ ತಳದಿಂದ ಎದ್ದು ಬಂದಂಥ ಗಾಳಿ. ಸ್ವಲ್ಪ ಹೊತ್ತು ಹೋಗಲಿ, ಬಿಸಿಯಾಗುತ್ತದೆ ಅಂದುಕೊಂಡೆ. ಮೂರು ಮನೆ ದಾಟಿದೆ, ಐದು ಮನೆ ದಾಟಿದೆ. ಅಜ್ಜ ಕಂಬಳಿಯನ್ನು ಮೂಗಿನ ತನಕ ಎಳೆದುಕೊಂಡು ಹೇಳಿದರು, "ತಾಯಿ, ಇದಕ್ಕಿಂತ ನಮ್ಮ ಪಡಸಾಲೇನೇ ವಾಸಿಯಾಗಿತ್ತು ನೋಡು."

ಛತ್ರದ ಮುಂದೆ ಅವರನ್ನು ಇಳಿಸುವಾಗ ಅವರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದನ್ನು ನನಗಿಂತ ಮೊದಲು ಕಂಡವರು ಕರಿಬಸಯ್ಯನವರು. ಸರದಿ ನೋಡಿಕೊಳ್ಳುವ ಹಿರಿಯರು ಅವರು. ದಿನವೂ ಚೌಕದ ಹಲಗೆಯ ಮೇಲೆ ನಾಳೆಯ ಬೀದಿಯ ಹೆಸರು ಬರೆಯುವುದು ಅವರ ಪಾಲಿನ ಕೆಲಸ. ಅಜ್ಜನನ್ನು ಒಳಗೆ ಬೆಚ್ಚಗೆ ಮಲಗಿಸಿ, ನೇರ ಕಾರಿನ ಹತ್ತಿರ ಬಂದರು. ಹೀಟರ್ ಬಾಯಿಗೆ ಕೈಯೊಡ್ಡಿ ನೋಡಿದರು. ನಂತರ ಸೊಂಟದ ಚೀಲದಿಂದ ಹಿತ್ತಾಳೆ ಡಬ್ಬಿ ತೆಗೆದರು. ಅದರಲ್ಲಿ ಏನಿರುತ್ತದೆ ಎಂದು ಊರಿಗೆಲ್ಲ ಗೊತ್ತು. ನೆಲ್ಲಿಕಾಯಿ ಗಾತ್ರದ ಬೆಣ್ಣೆಯ ಉಂಡೆಯನ್ನು ಹೀಟರ್ ಬಾಯಿಯ ಮೇಲಿಟ್ಟು, ಕಣ್ಣು ಮುಚ್ಚಿ ನೂರು ಎಣಿಸಿದರು. ಬೆಣ್ಣೆ ಮಿಸುಕಲಿಲ್ಲ.

"ತಂಗಿದೆ," ಅಂದರು.

ಸರದಿಯ ಬೀದಿಯಿಂದ ಹೊರಬಂದ ಮೇಲೂ ಚಳಿ ಯಾವುದಾದರೂ ವಸ್ತುವಿನಲ್ಲಿ ಉಳಿದುಬಿಟ್ಟರೆ ಅದನ್ನು ತಂಗಿದ ಸಾಮಾನು ಅನ್ನುತ್ತಾರೆ. ಅದನ್ನು ಊರ ಹೊರಗಿನ ಎಲ್ಲೆಗಲ್ಲಿನ ಆಚೆ ಬಿಟ್ಟು ಬರಬೇಕು. ಇನ್ನೊಂದು ಮಾತು, ತಂಗಿದ ಸಾಮಾನನ್ನು ಬಿಚ್ಚಬಾರದು. ಬಿಚ್ಚಿದವರ ಮೈಗೆ ಚಳಿ ಹತ್ತಿ, ಆಮೇಲೆ ಯಾವ ಒಲೆಯ ಮುಂದೆ ಕೂತರೂ ಇಳಿಯುವುದಿಲ್ಲವಂತೆ. ಬಿಚ್ಚಿದವರನ್ನು ನಾನು ಕಂಡಿಲ್ಲ. ಆದರೆ ಈ ಮಾತನ್ನು ಅಮ್ಮನ ಬಾಯಿಂದ ಕೇಳಿ ಬೆಳೆದವಳು.

"ಬುಧವಾರ ಹೊತ್ತು ಮುಳುಗೋವರೆಗೂ ನೋಡೋಣವ್ವ," ಕರಿಬಸಯ್ಯನವರು ಮೆತ್ತಗೆ ಹೇಳಿದರು. "ತಾನಾಗಿ ಬಿಟ್ಟುಹೋದರೆ ನಿನ್ನ ಪುಣ್ಯ. ಇಲ್ಲದಿದ್ದರೆ ಎತ್ತು ಕಟ್ಟಿಸಿ ಎಳೆಸಬೇಕಾಗುತ್ತೆ. ನನಗೇನು ಇದು ಸಂತೋಷದ ಕೆಲಸ ಅಂದುಕೋಬೇಡ."

ಅವರ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ. ಅಜ್ಜನ ತುಟಿಯನ್ನು ನಾನೂ ಕಂಡಿದ್ದೆನಲ್ಲ.

ಆಮೇಲಿನ ಎರಡು ದಿನ ಕೈಲಾಗದವರನ್ನು ಹಿಂದಿನಂತೆ ಮಂಚದ ಮೇಲೇ ಹೊತ್ತು ತಂದರು. ಮಂಗಳವಾರ ಬೆಳಿಗ್ಗೆ ನಾನು ಖಾದರನ ಶೆಡ್ಡಿಗೆ ಹೋದೆ. ಪಂಪ್‌ಸೆಟ್ಟು, ಟಿಲ್ಲರು, ಊರಿನ ಎರಡು ಲಾರಿ ಎಲ್ಲ ಅವನ ಕೈಯಲ್ಲೇ ರಿಪೇರಿಯಾಗುವುದು. ಸುದ್ದಿ ನನಗಿಂತ ಮೊದಲೇ ಹೋಗಿ ಕೂತಿತ್ತು. ಬಾಗಿಲಲ್ಲೇ ನಿಂತು ಅವನು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

"ಅಕ್ಕಾ, ಬೇರೆ ಏನು ಬೇಕಾದರೂ ಕೇಳಿ. ಅದನ್ನ ಮುಟ್ಟು ಅನ್ನಬೇಡಿ. ಮನೇಲಿ ಮೂರು ಮಕ್ಕಳಿದಾವೆ."

"ಮುಟ್ಟಬೇಡಪ್ಪ. ಎಲ್ಲಿ ನೋಡಬೇಕು ಅಂತ ಬಾಯಲ್ಲಿ ಹೇಳು, ಸಾಕು."

ಅವನು ತಲೆ ಕೆರೆದುಕೊಂಡ. "ಹೀಟರ್ ಇರೋ ಗಾಡೀನ ನಾನು ಬಿಚ್ಚಿಲ್ಲ ಅಕ್ಕ. ಆದರೆ ಅದಕ್ಕೆ ಬೇರೆ ಒಲೆ ಇಲ್ಲ, ಅಷ್ಟು ಗೊತ್ತು. ಎಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡಿನ ಹಿಂದೆ ಇರೋ ಒಂದು ಪುಟ್ಟ ರೇಡಿಯೇಟರಿಗೆ ಬಂದು ಹೋಗುತ್ತೆ. ಫ್ಯಾನು ಅದರ ಮೇಲೆ ಊದುತ್ತೆ. ಅಷ್ಟೇ."

ಬಿಸಿನೀರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಹೊಂಬಾಳಮ್ಮ ನೆನಪಾದಳು.

ಹೊಂಬಾಳಮ್ಮ ಚೌಕದ ಹಿಂದಿನ ಊರ ಬಚ್ಚಲುಮನೆಯನ್ನು ನೋಡಿಕೊಳ್ಳುವವಳು. ಚಳಿ ಬಿಟ್ಟುಹೋದ ಬೀದಿಯ ಜನ ಮಾರನೆಯ ದಿನ ಮೈ ಕಾಯಿಸಿಕೊಳ್ಳಲು ಬರುವುದು ಅಲ್ಲಿಗೇ. ಆಳೆತ್ತರದ ತಾಮ್ರದ ಹಂಡೆ, ಮೇಲೆ ನೀರಿನ ತೊಟ್ಟಿ, ಗೋಡೆಯೊಳಗೆ ಓಡುವ ಇಪ್ಪತ್ತು ಪೈಪು, ಇವೆಲ್ಲ ನಲವತ್ತು ವರ್ಷದಿಂದ ಅವಳ ಮಾತು ಕೇಳಿಕೊಂಡಿವೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಸೌದೆ ಒಳಕ್ಕೆ ತಳ್ಳುತ್ತಾ ಅಂದಳು, "ಬಿಸಿನೀರು ಬರದಿದ್ದ ಕಡೆ ಬಿಸಿ ಎಲ್ಲಿಂದ ಬರಬೇಕು? ಮೊದಲು ನೀರು ಇದೆಯಾ ನೋಡಿದ್ದೀಯಾ?"

ನೋಡಿರಲಿಲ್ಲ. ಕಾರನ್ನು ಬಚ್ಚಲುಮನೆಯ ಅಂಗಳಕ್ಕೆ ತಂದು, ಎಂಜಿನ್ ಪೂರಾ ಆರುವವರೆಗೆ ಕಾದು, ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ನೀರು ಕೆಳಗೆಲ್ಲೋ ಇತ್ತು, ಬೆರಳಿಗೆ ಸಿಗಲಿಲ್ಲ. ಕಾಯಿಸಿ ಆರಿಸಿದ ನೀರನ್ನು ಹೊಂಬಾಳಮ್ಮ ಚೊಂಬಿನಲ್ಲಿ ತಂದಳು. ಒಂದು ಚೊಂಬು ಹಿಡಿಯಿತು, ಎರಡು ಹಿಡಿಯಿತು, ಮೂರರ ಅರ್ಧಕ್ಕೆ ತುಂಬಿ ಬಂತು. ಇಷ್ಟೇನಾ ಅಂತ ನನಗೆ ನಗು ಬಂತು. ಎಂಜಿನ್ ಹಚ್ಚಿದೆ. ಕಾವು ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿ ಮಧ್ಯಕ್ಕೆ ಬಂದು ನಿಂತಿತು. ಅಂದರೆ ಎಂಜಿನ್ನಿಗೆ ಕಾವು ಬಂದಿದೆ. ಹೀಟರ್ ತಿರುಗಿಸಿದೆ.

ತಣ್ಣನೆ ಗಾಳಿ.

"ಗಾಳಿ ಸಿಕ್ಕಿಹಾಕಿಕೊಂಡಿರಬೇಕು," ಹೊಂಬಾಳಮ್ಮ ಒಂದಿಷ್ಟೂ ಬೇಜಾರಾಗದೆ ಹೇಳಿದಳು. "ತೊಟ್ಟಿ ಖಾಲಿಯಾಗಿ ಮತ್ತೆ ತುಂಬಿಸಿದಾಗ ನಮ್ಮ ಪೈಪಿಗೂ ಹೀಗೇ ಆಗುತ್ತೆ. ಒಳಗಿರೋ ಗಾಳಿ ಮೇಲಕ್ಕೆ ಹೋಗೋಕೆ ದಾರಿ ಕೊಡಬೇಕು."

ಸೌದೆ ಗಾಡಿ ಹತ್ತಿಸುವ ಇಳಿಜಾರಿನ ಮೇಲೆ ಕಾರಿನ ಮೂತಿ ಮೇಲೆ ಮಾಡಿ ನಿಲ್ಲಿಸಿದೆವು. ತಣ್ಣಗಾದ ಮೇಲೆ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿದೆವು. ಗುಳುಗುಳು ಎಂದು ಗುಳ್ಳೆ ಎದ್ದವು, ನೀರು ಇಳಿಯಿತು, ಹೊಂಬಾಳಮ್ಮ ಹೊಯ್ಯುತ್ತಾ ಹೋದಳು. ಗುಳ್ಳೆ ನಿಂತ ಮೇಲೆ ಹೀಟರ್ ಬಾಯಿಗೆ ಕೆನ್ನೆ ಇಟ್ಟೆ. ಒಂದು ಗಳಿಗೆ, ಬರೀ ಒಂದೇ ಗಳಿಗೆ, ಉಗುರುಬೆಚ್ಚಗಿನ ಉಸಿರು ಬಂದಹಾಗಾಯಿತು. ಆಮೇಲೆ ಮತ್ತೆ ಅದೇ ಬಾವಿಯ ಗಾಳಿ.

ನಾನು ಇಳಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟು ಹೊತ್ತಿಗೆ ಸರಿಯಾಗಿ ಮಗ್ಗದ ಬೀದಿಯ ನಂಜವ್ವ ಬಂದಳು. ಅವಳ ಸೊಸೆ ಸುಗುಣ ಹೆತ್ತು ಒಂಬತ್ತು ದಿನ. ಮಗು ದಿನ ತುಂಬುವ ಮುಂಚೆ ಹುಟ್ಟಿದ್ದು, ಅಂಗೈ ಮೇಲೆ ಹಿಡಿಯುವಷ್ಟು. ಗುರುವಾರದ ಸರದಿ ಮಗ್ಗದ ಬೀದಿಯದು. ಊರಿನಲ್ಲೇ ಉದ್ದವಾದ ಬೀದಿ, ಆ ತುದಿಯಿಂದ ಈ ತುದಿಗೆ ಒಂದು ಮೈಲಿ. ಅವರ ಮನೆ ಚೌಕದಿಂದ ದೂರದ ತುದಿಯಲ್ಲಿ.

"ಗುರುವಾರ ಬರ್ತೀಯಲ್ಲವ್ವ?" ಅಂದಳು ನಂಜವ್ವ. ಬಾನೆಟ್ ತೆರೆದ ಕಾರನ್ನು ನೋಡಲೇ ಇಲ್ಲ, ನೋಡಿದರೆ ಉತ್ತರ ಸಿಕ್ಕಿಬಿಡುತ್ತದೋ ಎಂಬ ಹಾಗೆ.

"ಬರ್ತೀನಿ," ಅಂದೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ಹೊಂಬಾಳಮ್ಮ ಬಾನೆಟ್ಟಿನೊಳಗೆ ಬಗ್ಗಿದ್ದವಳು ನನ್ನನ್ನು ಕರೆದಳು. ಎಂಜಿನ್ನಿನಿಂದ ಹೊರಟ ಎರಡು ರಬ್ಬರ್ ಪೈಪು ಡ್ಯಾಶ್‌ಬೋರ್ಡಿನ ಕಡೆಯ ಗೋಡೆಯೊಳಗೆ ಹೊಕ್ಕಿದ್ದವು. "ಇದನ್ನ ಹಿಡಿ," ಅಂದಳು. ಕೈ ಚುರ್ ಅಂದಿತು. "ಈಗ ಇದನ್ನ." ಎರಡನೆಯದು ಸೌತೆಕಾಯಿಯ ಹಾಗೆ ತಣ್ಣಗಿತ್ತು.

"ಹೋಗೋ ದಾರಿ ಸುಡ್ತಾ ಇದೆ, ಬರೋ ದಾರಿ ತಣ್ಣಗಿದೆ," ಅಂದಳು. "ನಡುವೆ ಕಟ್ಟಿಕೊಂಡಿದೆ ಅಂಬುಜ. ಒಳಗೆ ಚಳಿಯೂ ಇಲ್ಲ, ಏನೂ ಇಲ್ಲ. ಕಸ ಇದೆ."

"ಬಿಚ್ಚಬೇಕಾ?"

"ಬಿಚ್ಚದೆ ಹೆಂಗೆ ತೊಳೀತೀಯ?"

ನೀರು ಹೊಯ್ಯುವುದು ಬೇರೆ, ಬಿಚ್ಚುವುದು ಬೇರೆ. ಹೊಂಬಾಳಮ್ಮ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ತನ್ನ ಎರಡೂ ಕೈ ಮುಂದೆ ಹಿಡಿದಳು. ಬೆಂದು ಬೆಂದು ಕೆಂಪಾಗಿ ಸುಕ್ಕುಗಟ್ಟಿದ ಕೈ. "ಇವು ನಲವತ್ತು ವರ್ಷದಿಂದ ಬಿಸಿನೀರಲ್ಲೇ ಇವೆ. ಚಳಿಗೆ ಇಲ್ಲಿ ಜಾಗ ಸಿಗಲ್ಲ. ನಿನಗೆ ಭಯ ಆದರೆ ನಾನು ಬಿಚ್ಚುತೀನಿ."

"ಕಾರು ನನ್ನದು ಅಕ್ಕ. ಬಿಚ್ಚೋದಾದರೆ ನಾನೇ ಬಿಚ್ಚಬೇಕು," ಅಂದೆ. ಮಾತು ಬಾಯಿಂದ ಹೊರಗೆ ಬಂದ ಮೇಲೆ ಅದನ್ನು ನುಂಗುವ ಹಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಖಾದರ್ ತಾನಾಗಿ ಬಂದ. ಸ್ಪ್ಯಾನರಿನ ಚೀಲವನ್ನು ಗೇಟಿನ ಹತ್ತಿರ ಇಟ್ಟು, ಬೇವಿನ ಮರದ ಕೆಳಗೆ ದೂರ ನಿಂತ. ಸಾಮಾನು ಕೊಡಬಹುದು, ಕೈ ಕೊಡಲಾರೆ ಎಂದ. ಅಷ್ಟು ಕೊಟ್ಟದ್ದೂ ದೊಡ್ಡದೇ ಅನ್ನಿಸಿತು.

ಮೊದಲ ಪೈಪಿನ ಕ್ಲಿಪ್ ನಾನೇ ಸಡಿಲಿಸಿದೆ. ಪೈಪು ಕಳಚಿಕೊಂಡ ಕೂಡಲೇ ಒಳಗಿನ ನೀರು ಮೊಣಕೈವರೆಗೆ ಚಿಮ್ಮಿತು. ಕೊರೆಯುವ ನೀರು. ನಾನು ಕಣ್ಣು ಮುಚ್ಚಿಕೊಂಡು ನಿಂತೆ. ಎದೆಯೊಳಕ್ಕೆ ಏರುತ್ತದೆ, ಈಗ ಏರುತ್ತದೆ ಎಂದು ಕಾದೆ. ಏನೂ ಏರಲಿಲ್ಲ. ಸೀರೆಯ ಸೆರಗಿನಲ್ಲಿ ಒರೆಸಿಕೊಂಡೆ, ಕೈ ಒಣಗಿತು. ಬೆಳಗಿನ ಹೊತ್ತು ನಲ್ಲಿಯಲ್ಲಿ ಬರುವ ನೀರೂ ಅಷ್ಟೇ ತಣ್ಣಗಿರುತ್ತದೆ. ಐವತ್ತೆರಡು ವರ್ಷ ಹೊತ್ತುಕೊಂಡಿದ್ದ ಭಯವೊಂದು ಸೆರಗಿನ ಒದ್ದೆಯಷ್ಟಾಗಿ ಹೋಯಿತು.

ಎರಡನೆಯ ಕ್ಲಿಪ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಷ್ಟು ತಿರುಗಿಸಿದರೂ ಸ್ಪ್ಯಾನರ್ ಜಾರುತ್ತಿತ್ತು. ಮೂರನೆಯ ಸಲ ಜಾರಿ ಬೆರಳಿನ ಗೆಣ್ಣು ತರಚಿಕೊಂಡಾಗ ಹಿಂದಿನಿಂದ ಖಾದರನ ದನಿ ಕೇಳಿತು, "ಹಂಗಲ್ಲ ಅಕ್ಕ, ಹಂಗಲ್ಲ." ಮರದ ಕೆಳಗಿಂದ ಯಾವಾಗ ಬಂದನೋ. ನನ್ನ ಒಣಗಿದ ಕೈಯನ್ನೊಮ್ಮೆ ನೋಡಿದ, ಸ್ಪ್ಯಾನರ್ ಕಿತ್ತುಕೊಂಡ, ಎರಡು ಹನಿ ಎಣ್ಣೆ ಬಿಟ್ಟ, ಹಲ್ಲು ಕಚ್ಚಿ ತಿರುಗಿಸಿದ. ಕ್ಲಿಪ್ ಕಟಕ್ಕೆಂದು ಬಿಟ್ಟಿತು. ಅದಾದ ಮೇಲೆ ಅವನನ್ನು ಕಾರಿನಿಂದ ದೂರ ಸರಿಸುವುದೇ ನಮಗೆ ಕೆಲಸವಾಯಿತು.

ನೀರು ಎಂದಿನಂತೆ ಹೋಗುವ ಕಡೆಯಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೆ ಒತ್ತುತ್ತದೆ, ಹಿಂದಿನಿಂದ ಬಿಡಬೇಕು ಎಂದಳು ಹೊಂಬಾಳಮ್ಮ. ತೊಟ್ಟಿಯ ನಲ್ಲಿಗೆ ಪೈಪು ಸಿಕ್ಕಿಸಿ ಬರುವ ದಾರಿಯಿಂದ ನೀರು ಬಿಟ್ಟೆವು. ಆ ಕಡೆಯಿಂದ ನೂಲಿನಷ್ಟು ಸಣ್ಣಗೆ ಕೆಂಪು ನೀರು ಬಂತು. ಎಷ್ಟು ಬಿಟ್ಟರೂ ನೂಲೇ. ಮಧ್ಯಾಹ್ನ ಹತ್ತಿರವಾಗುತ್ತಿತ್ತು.

"ತಾಮ್ರದ ಹಂಡೆಗೆ ಹಿಡಿದ ಕಿಲುಬನ್ನ ಏನು ಹಾಕಿ ಬಿಡಿಸ್ತೀವಿ ನಾವು?" ಎಂದು ಹೊಂಬಾಳಮ್ಮ ತನ್ನನ್ನೇ ಕೇಳಿಕೊಂಡು ಒಳಗೆ ಹೋದಳು. ಬಂದಾಗ ಕೈಯಲ್ಲಿ ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ ಹುಣಿಸೆಹುಳಿಯ ಬಿಸಿನೀರಿತ್ತು. ಖಾದರ್ ನಗಲಿಕ್ಕೆ ಹೊರಟವನು ಅವಳ ಮುಖ ನೋಡಿ ಆಲಿಕೆ ತಂದುಕೊಟ್ಟ. ಹುಳಿನೀರನ್ನು ಆ ಪುಟ್ಟ ರೇಡಿಯೇಟರಿನ ತುಂಬ ತುಂಬಿಸಿ, ಎರಡೂ ಬಾಯಿ ಮೇಲಕ್ಕೆ ಕಟ್ಟಿ, ಊಟಕ್ಕೆ ಕೂತೆವು. ಎರಡು ಗಂಟೆ ಕಳೆದು ಮತ್ತೆ ನೀರು ಬಿಟ್ಟೆವು. ಮೊದಲು ನೂಲು. ನಂತರ ಒಳಗೆ ಯಾರೋ ಕೆಮ್ಮಿದ ಹಾಗೆ ಸದ್ದಾಯಿತು. ಮರುಗಳಿಗೆಯಲ್ಲಿ ಬೆಲ್ಲದ ಪಾಕದಂಥ ಕೆಸರು ಬುಳಕ್ಕೆಂದು ಉಕ್ಕಿ ಬೋಗುಣಿಗೆ ಬಿತ್ತು. ತುಕ್ಕು, ಚಕ್ಕೆ, ಮಣ್ಣು. ಬಿದ್ದೂ ಬಿದ್ದೂ, ಕಡೆಗೆ ಹೆಬ್ಬೆಟ್ಟು ದಪ್ಪದ ತಿಳಿನೀರು ಧಾರೆಯಾಗಿ ನಿಂತಿತು.

ಪೈಪು ಜೋಡಿಸಿ, ಹೊಸ ಕ್ಲಿಪ್ ಬಿಗಿದು, ನೀರು ತುಂಬಿಸಿ, ಮೂತಿ ಮೇಲೆ ಮಾಡಿ ಗುಳ್ಳೆ ಬಿಡಿಸುವ ಹೊತ್ತಿಗೆ ಇಳಿಬಿಸಿಲು ಹಂಚಿನ ಮೇಲೇರಿತ್ತು. ಮುಳ್ಳು ಮಧ್ಯಕ್ಕೆ ಬಂತು. ಈ ಸಲ ಮೂವರೂ ಮೊದಲು ಎರಡನೆಯ ಪೈಪು ಹಿಡಿದು ನೋಡಿದೆವು. ಅದೂ ಸುಡುತ್ತಿತ್ತು. ಹೀಟರ್ ತಿರುಗಿಸಲು ನನಗೆ ಧೈರ್ಯ ಬರಲಿಲ್ಲ. ಹೊಂಬಾಳಮ್ಮನೇ ಕೈ ಹಾಕಿ ತಿರುಗಿಸಿದಳು. ಹಂಡೆಯ ಒಲೆಯ ಬಾಯಿ ತೆರೆದ ಹಾಗೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ನಾನು ಅತ್ತುಬಿಟ್ಟೆ. ಖಾದರ್ ಬೇರೆ ಕಡೆ ನೋಡಿಕೊಂಡು ಸ್ಪ್ಯಾನರುಗಳನ್ನು ಒರೆಸಿದ್ದೇ ಒರೆಸಿದ್ದು.

ಕರಿಬಸಯ್ಯನವರು ಹೇಳಿದ ಹೊತ್ತಿಗೆ ಚೌಕಕ್ಕೆ ಬಂದಿದ್ದರು. ಜೊತೆಗೆ ಒಂದು ಜೊತೆ ಎತ್ತು, ಹಗ್ಗ ಹಿಡಿದ ಇಬ್ಬರು. ಸುತ್ತ ಅರ್ಧ ಊರು ಸೇರಿತ್ತು. ನಾನು ಕಾರು ನಿಲ್ಲಿಸಿ ಮುಂದಿನ ಬಾಗಿಲು ತೆರೆದೆ. "ಅಯ್ಯನವರೆ, ಒಳಗೆ ಕೂತು ನೋಡಿ."

ಅವರು ಹಿಂದೆಮುಂದೆ ನೋಡಿದರು. ನಂತರ ಕೂತರು. ಡಬ್ಬಿ ತೆಗೆದು ಬೆಣ್ಣೆಯನ್ನು ಹೀಟರ್ ಬಾಯಿಯ ಮೇಲಿಟ್ಟು, ಕಣ್ಣು ಮುಚ್ಚಿ ಎಣಿಸಲು ಶುರುಮಾಡಿದರು. ಹತ್ತಕ್ಕೆ ಬೆಣ್ಣೆ ಹೊಳೆಯಿತು. ಹದಿನೇಳಕ್ಕೆ ಜಾರಿತು. ಇಪ್ಪತ್ತಮೂರಕ್ಕೆ ಅವರ ಬಿಳಿ ಪಂಚೆಯ ಮೇಲೆ ತೊಟ್ಟಿಕ್ಕಿತು. ನೂರು ಅಂದರೆ ನೂರೇ ಎಣಿಸುವ ಮನುಷ್ಯ ಅವರು, ಕಣ್ಣು ಬಿಡಲಿಲ್ಲ. ಹಣೆಯಲ್ಲಿ ಬೆವರು ಮೂಡಿತು, ಕೋಟಿನ ಮೇಲಿನ ಗುಂಡಿಯನ್ನು ಎಣಿಸುತ್ತಲೇ ಬಿಚ್ಚಿಕೊಂಡರು. ಸುತ್ತ ನಿಂತವರು ಬಾಯಿಗೆ ಸೆರಗು, ಟವೆಲು ಒತ್ತಿಕೊಂಡಿದ್ದರು. ನೂರು ಮುಗಿದು ಕಣ್ಣು ಬಿಟ್ಟಾಗ ನೋಡಲಿಕ್ಕೆ ಬೆಣ್ಣೆಯೇ ಇರಲಿಲ್ಲ.

"ಬಿಚ್ಚಿದೆಯಾ?" ಎಂದು ಕೇಳಿದರು.

"ಬಿಚ್ಚಿದೆ."

"ಕೈ ಕೊಡು."

ಕೊಟ್ಟೆ. ನನ್ನ ಕೈಯನ್ನು ತಮ್ಮ ಎರಡು ಕೈಯ ನಡುವೆ ಇಟ್ಟುಕೊಂಡು ಬಹಳ ಹೊತ್ತು ಕೂತರು. ಬೆಚ್ಚಗಿತ್ತು, ಅದು ನನಗೂ ಗೊತ್ತು. ಹೊಂಬಾಳಮ್ಮ ಕೆಸರಿನ ಬೋಗುಣಿ ತಂದು ಅವರ ಮುಂದೆ ಹಿಡಿದಳು. ಅವರು ಬೆರಳದ್ದಿ, ಮೂಸಿ, ಉಜ್ಜಿ ನೋಡಿದರು. "ತುಕ್ಕು," ಅಂದರು, ಸ್ವಲ್ಪ ನಾಚಿಕೆಯಿಂದ. ಆಮೇಲೆ ಕಾರಿನಿಂದಿಳಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಎತ್ತು ಹೊಡ್ಕೊಂಡು ಹೋಗ್ರಪ್ಪ. ಇನ್ನು ಮೇಲೆ ಯಾವುದನ್ನಾದರೂ ತಂಗಿದೆ ಅನ್ನೋ ಮುಂಚೆ ಬಿಚ್ಚಿ ನೋಡೋಣ. ಬಿಚ್ಚೋಕೆ ನನ್ನನ್ನೂ ಕರೀರಿ." ಪಂಚೆಯ ಬೆಣ್ಣೆಕಲೆಯನ್ನು ಮುಚ್ಚಿಕೊಳ್ಳದೆ ನಡೆದು ಹೋಗಿ, ಹಲಗೆಯ ಮೇಲೆ ಮಗ್ಗದ ಬೀದಿ ಎಂದು ಬರೆದು, ಅದರ ಕೆಳಗೆ ಕಾರು ಬರುತ್ತದೆ ಎಂದೂ ಬರೆದರು. ಹಾಗೆ ಅವರು ಬರೆದದ್ದು ಅದೇ ಮೊದಲು.

ಗುರುವಾರ ಮಗ್ಗದ ಬೀದಿಯಲ್ಲಿ ಚಳಿ ಕೂತಿದ್ದ ಪರಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಣಹಾಕಿದ ನೂಲಿನ ಲಡಿಗಳು ಕಡ್ಡಿಯಾಗಿ ನೇತಾಡುತ್ತಿದ್ದವು. ಎಲ್ಲ ಬಾಗಿಲೂ ತೆರೆದು ದೀಪ ಉರಿಯುತ್ತಿತ್ತು. ಸುಗುಣಳನ್ನೂ ಮಗುವನ್ನೂ ಮುಂದೆ ಕೂರಿಸಿದೆ, ಹಿಂದೆ ಇನ್ನು ನಾಲ್ವರು. ನಂಜವ್ವ ಮನೆ ಕಾಯಲು ಉಳಿಯಬೇಕಿತ್ತು. ಹತ್ತು ಗಜ ಹೋಗುವುದರೊಳಗೆ ಹಿಂದಿನ ಸೀಟಿನ ಮುದುಕ ನೇಕಾರ, "ಕಿಟಕಿ ಒಂಚೂರು ಇಳಿಸಲೇನವ್ವ, ಸೆಖೆ," ಅಂದ. ಸುಗುಣ ಮಗುವಿನ ಮೇಲಿನ ಮೂರು ಸುತ್ತಿನ ಬಟ್ಟೆಯಲ್ಲಿ ಎರಡು ಸುತ್ತು ತೆಗೆದಳು. ಮಗು ಕೈಕಾಲು ಆಡಿಸಿತು, ಅದರ ಕೆನ್ನೆಗೆ ಬಣ್ಣ ಬಂದಿತ್ತು.

ಕಿಟಕಿ ಇಳಿದದ್ದೇ ತಡ, ನಂಜವ್ವ ಕಾರಿನ ಪಕ್ಕದಲ್ಲೇ ನಡೆಯುತ್ತಾ ಎರಡೂ ಕೈಯನ್ನು ಒಳಕ್ಕೆ ಚಾಚಿ ಕಾಯಿಸಿಕೊಳ್ಳತೊಡಗಿದಳು. ಅದನ್ನು ಕಂಡು ಪಕ್ಕದ ಮನೆಯವಳು ಬಂದಳು. ಮಗ್ಗದ ಗುಂಡಿಯಿಂದ ಎದ್ದು, ಬೆರಳು ಸೆಟೆದ ಗಂಡಸರು ಬಂದರು. ನಾಲ್ಕೂ ಕಿಟಕಿ ಇಳಿಸಿ ಹೀಟರನ್ನು ಕೊನೆಯವರೆಗೆ ತಿರುಗಿಸಿದೆ. ಎರಡೂ ಮಗ್ಗುಲಲ್ಲಿ ಕೈಗಳು ಒಳಗೆ ಬಂದವು, ಸ್ವಲ್ಪ ಹೊತ್ತು ನಿಂತವು, ಬೆರಳು ಮಡಚಿ ಬಿಚ್ಚಿದವು, ಇನ್ನೊಬ್ಬರಿಗೆ ಜಾಗ ಬಿಟ್ಟು ಹೊರಗೆ ಹೋದವು. ಯಾರೋ ಮಗುವಿನ ಹೆಸರೇನು ಎಂದು ಕೇಳಿದರು, ಯಾರೋ ಇದಕ್ಕೆ ಬೇರೆ ಒಲೆ ಇಲ್ಲವಂತೆ, ಎಂಜಿನ್ನಿನ ಬಿಸಿನೀರೇ ಅಂತೆ ಎಂದು ಪಕ್ಕದವನಿಗೆ ಪಾಠ ಹೇಳುತ್ತಿದ್ದರು. ಆ ಒಂದು ಮೈಲಿ ಮುಗಿಯುವವರೆಗೆ ನಾನು ಎರಡನೆಯ ಗೇರಿಗೆ ಹೋಗಲಿಲ್ಲ.